ಎದೆಗೆ ಹೋದ ಕೈ

ಖೋಲ್ಮತನ ಬಾಕ್ಸಿಂಗ್ ಗ್ಲೌಸುಗಳನ್ನು ಜಿಮ್ಮಿನ ಒಳಗೆ ನೇತುಹಾಕುವಂತಿರಲಿಲ್ಲ. ಉಳಿದವರದ್ದೆಲ್ಲ ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದವು. ಅವನದ್ದಕ್ಕೆ ಮಾತ್ರ ಹೊರಗೆ, ಕಕ್ಕಸಿನ ಬಾಗಿಲ ಪಕ್ಕ ಒಂದು ಮೊಳೆ. ಮಳೆ ಬಂದರೆ ನೆನೆಯುತ್ತಿದ್ದವು. ಹಿಮ ಬಿದ್ದರೆ ಸೆಟೆದುಕೊಳ್ಳುತ್ತಿದ್ದವು. ಚಳಿಗಾಲದಲ್ಲಿ ಕಂಕುಳಲ್ಲಿ ಇಟ್ಟು ಮೆತ್ತಗೆ ಮಾಡಿಕೊಂಡು ಆಮೇಲೆ ಕೈ ತೂರಿಸಬೇಕಿತ್ತು. ಲ್ಯೂಲಿಯ ಬೆವರು ಹತ್ತಿದ ಗ್ಲೌಸಿಗೆ ಇನ್ನೊಬ್ಬರು ತಪ್ಪಿ ಕೈ ಹಾಕಿಬಿಟ್ಟಾರು ಎಂದು ಕೋಚ್ ತುರ್ಗುನ್ ಈ ಏರ್ಪಾಟು ಮಾಡಿದ್ದ. ಅದೇ ಬೆವರು ಖೋಲ್ಮತನ ಮೇಲೆ ಅಭ್ಯಾಸ ಮಾಡುವ ಎಲ್ದಿಯಾರನ ಮುಷ್ಟಿಗೆ ದಿನಾ ಹತ್ತುತ್ತಿತ್ತು. ಆಗ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಹೊಡೆಯುವುದಕ್ಕೆ ಮೈಲಿಗೆ ಇಲ್ಲ.

ಓಶ್ ಪಟ್ಟಣದವರ ಬಾಯಲ್ಲಿ ನಾವು ಲ್ಯೂಲಿಗಳು. ನಮ್ಮ ಬಾಯಲ್ಲಿ ನಾವು ಮುಗಾತರು. ಆ ಹೆಸರು ನಮ್ಮ ಕೇರಿಯ ಆಚೆಗೆ ದಾಟಿದ್ದನ್ನು ನಾವು ಕಂಡಿಲ್ಲ. ಪಟ್ಟಣ ತಿಂದು ಬಿಸಾಡಿದ್ದು ನಮ್ಮದು. ಖಾಲಿ ಬಾಟಲಿ, ತಗಡು, ಸತ್ತ ಮೋಟಾರು, ಹರಿದ ವೈರು. ಗಂಡಸರು ಕತ್ತೆಗಾಡಿ ಹೊಡೆದುಕೊಂಡು ಗುಜರಿ ಎತ್ತುತ್ತಾರೆ. ಹೆಂಗಸರು ತಗಡಿನ ಡಬ್ಬಿಯಲ್ಲಿ ಕೆಂಡ ಹಾಕಿ, ಮೇಲೆ ಇಸ್ಪಂದ್ ಸೊಪ್ಪು ಉದುರಿಸಿ, ಬಜಾರಿನ ಅಂಗಡಿ ಅಂಗಡಿಗೂ ದೃಷ್ಟಿ ತೆಗೆಯುವ ಹೊಗೆ ಹಾಕುತ್ತಾರೆ. ಅಂಗಡಿಯವರಿಗೆ ನಮ್ಮ ಹೊಗೆ ಬೇಕು, ನಾವು ಬೇಡ. ಹೊಗೆ ಹಾಕಿ ಬಲಗೈ ಎದೆಗಿಟ್ಟು ತಲೆ ಬಾಗಿಸಿದರೆ ಏನಾದರೂ ಎಸೆಯುತ್ತಾರೆ. ಬಾಗಿಸದಿದ್ದರೆ ನೀರು ಎರಚುತ್ತಾರೆ.

ಖೋಲ್ಮತ್ ಆ ಜಿಮ್ಮಿಗೆ ಮೊದಲು ಹೋದದ್ದು ಖಾಲಿ ಬಾಟಲಿ ಎತ್ತಲು. ಮೋಟಾರು ತುಂಬಿದ ಚೀಲವನ್ನು ಅವನು ಒಂದೇ ಎಳೆತಕ್ಕೆ ಹೆಗಲಿಗೇರಿಸಿದ್ದನ್ನು ತುರ್ಗುನ್ ನೋಡಿದ. ಯಾವ ಕೈಯೋ ನಿನ್ನದು ಎಂದು ಕೇಳಿದ. ಎಡಗೈ. ಕೋಚಿನ ಮುಖ ಅರಳಿತು. ಅವನ ಕಣ್ಮಣಿ ಎಲ್ದಿಯಾರನಿಗೆ ಎಡಗೈಯವರ ಎದುರು ಅಭ್ಯಾಸ ಇರಲಿಲ್ಲ, ಪಟ್ಟಣದಲ್ಲಿ ಅಂಥ ಬಾಕ್ಸರು ಯಾರೂ ಸಿಕ್ಕಿರಲಿಲ್ಲ. ಎಲ್ದಿಯಾರ್ ಎಂದರೆ ಸಬಿರ್ ಸಾಹುಕಾರನ ಮಗ. ಸಬಿರ್ ಎಂದರೆ ಬಜಾರಿನ ಅರ್ಧ ಅಂಗಡಿಗಳ ಒಡೆಯ, ಜಿಮ್ಮಿಗೆ ರಿಂಗ್ ಹಾಕಿಸಿಕೊಟ್ಟವನು. ಹೀಗೆ ಖೋಲ್ಮತನಿಗೆ ರಿಂಗಿನೊಳಗೆ ಜಾಗ ಸಿಕ್ಕಿತು. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಮೂಟೆ ಎಂದರು. ಮರಳು ತುಂಬಿದ ತೊಗಲಿನ ಮೂಟೆಗಳು ಅಲ್ಲಿ ಬೇಕಾದಷ್ಟು ನೇತಾಡುತ್ತಿದ್ದವು. ಆದರೆ ಅವು ತಪ್ಪಿಸಿಕೊಳ್ಳುವುದಿಲ್ಲ, ರಕ್ತ ಕಾರುವುದಿಲ್ಲ. ಇವನು ಎರಡನ್ನೂ ಮಾಡುತ್ತಿದ್ದ.

ಮೂಟೆಗೂ ಒಂದು ನಿಯಮ ಇತ್ತು. ಬಂದ ಹೊಸದರಲ್ಲಿ ಒಂದು ದಿನ ಖೋಲ್ಮತನ ಎಡಗೈ ಎಲ್ದಿಯಾರನ ಕಿವಿಯ ಹತ್ತಿರ ಗಟ್ಟಿಯಾಗಿ ತಾಗಿತು. ತುರ್ಗುನ್ ರಿಂಗಿಗೆ ಹತ್ತಿ, ಕಾಲಲ್ಲಿದ್ದ ಚಪ್ಪಲಿ ತೆಗೆದು, ಎಲ್ಲರ ಮುಂದೆ ಅವನ ಕೆನ್ನೆಗೆ ಬಾರಿಸಿದ. ಮೂಟೆ ತಿರುಗಿ ಹೊಡೆಯುತ್ತದೇನೋ ಎಂದ. ಅವತ್ತಿನಿಂದ ಹೀಗೆ: ಏಟು ಜೋರಾಗಿ ತಾಗಿತೋ, ಒಂದು ಹೆಜ್ಜೆ ಹಿಂದೆ ಸರಿಯಬೇಕು. ಕೈ ಇಳಿಸಬೇಕು. ಬಲಗೈ ಎದೆಗಿಟ್ಟು ತಲೆ ಬಾಗಿಸಿ 'ತಪ್ಪಾಯ್ತು' ಅನ್ನಬೇಕು. ಆಮೇಲೆ ಎಲ್ದಿಯಾರ್ ತನಗೆ ಬೇಕಾದಷ್ಟು ಹೊಡೆದು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾನೆ. ಮೊದಮೊದಲು ಇದನ್ನು ನೆನಪಿಟ್ಟುಕೊಂಡು ಮಾಡಬೇಕಾಗಿತ್ತು. ವರ್ಷ ಕಳೆದ ಹಾಗೆ ನೆನಪು ಬೇಕಾಗಲಿಲ್ಲ. ಮೈಯೇ ಮಾಡತೊಡಗಿತು.

ಇಷ್ಟಾದರೂ ಅವನು ಯಾಕೆ ಹೋಗುತ್ತಿದ್ದ ಎಂದು ಕೇರಿಯವರು ಕೇಳದೆ ಇರಲಿಲ್ಲ. ಮಗ್ಗುಲ ಮನೆಯ ಬೈರಮ್, ಅವನ ಗುಜರಿ ಜೊತೆಗಾರ, ಗಾಡಿಯ ಮೇಲೆ ಕೂತು ದಿನಾ ಕಿಚಾಯಿಸುತ್ತಿದ್ದ. ಬಜಾರಿನಲ್ಲಿ ಪುಕ್ಕಟೆ ಒದೆ ಸಿಗುತ್ತಿರುವಾಗ ಅಷ್ಟು ದೂರ ನಡೆದು ಹೋಗಿ ತಿನ್ನೋದ್ಯಾಕೆ ಎಂದು ಅವನ ವಾದ. ಖೋಲ್ಮತನಿಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆ. ಹಗ್ಗದ ಒಳಗೆ ಕಾಲಿಟ್ಟರೆ ಅವನಿಗೆ ಖುಷಿಯಾಗುತ್ತಿತ್ತು. ಏಟು ಬರುವ ದಾರಿ ಕಾಣುತ್ತಿತ್ತು. ಹೆಗಲು ಕದಲುವ ಮೊದಲೇ ಕೈ ಎಲ್ಲಿಗೆ ಬರುತ್ತದೆಂದು ತಿಳಿಯುತ್ತಿತ್ತು. ತಾನು ಬಾಕ್ಸರ್ ಎಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಅದನ್ನು ಇನ್ನೊಬ್ಬರ ಬಾಯಿಂದ ಒಂದು ಸಲ ಕೇಳಬೇಕೆಂದು ಅವನು ನಾಲ್ಕು ವರ್ಷ ಒದೆ ತಿಂದ.

ವಸಂತದಲ್ಲಿ ಜಿಲ್ಲೆಯ ಪಂದ್ಯ ಬಂತು. ಗೆದ್ದವನು ರಾಜಧಾನಿ ಬಿಷ್ಕೆಕ್‌ಗೆ ಹೋಗಿ ದೇಶದ ಪಂದ್ಯ ಆಡುತ್ತಾನೆ. ಎಲ್ದಿಯಾರ್ ಸಲೀಸಾಗಿ ಫೈನಲ್ ತಲುಪಿದ. ಆದರೆ ಫೈನಲ್ಲಿಗೆ ಎದುರಾಳಿಯೇ ಇರಲಿಲ್ಲ. ಇನ್ನೊಂದು ಕಡೆಯಿಂದ ಗೆದ್ದು ಬಂದಿದ್ದ ಹುಡುಗ ಗೆಲ್ಲುವಾಗಲೇ ಕೈ ಮುರಿದುಕೊಂಡಿದ್ದ. ಸಬಿರ್ ಸಾಹುಕಾರ ಆಗಲೇ ದೊಡ್ಡವರನ್ನೆಲ್ಲ, ಬೀಗರನ್ನೂ ಕರೆದಿದ್ದ. ಕುರಿ ಕಡಿಸಿದ್ದ. ಅಂಗಳದಲ್ಲಿ ಪಲಾವಿನ ಕಡಾಯಿ ಏರಿತ್ತು. ಮಗ ರಿಂಗಿಗೆ ಹತ್ತಿ, ಎದುರು ಯಾರೂ ಇಲ್ಲದೆ ಕೈ ಎತ್ತಿಸಿಕೊಂಡು ಇಳಿದುಬಂದರೆ ಬೀಗರ ಮುಂದೆ ಮುಖ ಎಲ್ಲಿಡುವುದು? ನಿಯಮ ಹೇಗೆ ಬಗ್ಗಿಸಿದರೋ, ಯಾರ ಕೈ ಬೆಚ್ಚಗೆ ಮಾಡಿದರೋ, ಖಾಲಿ ಜಾಗಕ್ಕೆ ಒಬ್ಬ ಬೇಕಾದ. ತುರ್ಗುನ್ ಖೋಲ್ಮತನನ್ನು ಕರೆದ.

"ಎರಡು ರೌಂಡ್ ನಿಲ್ಲು. ಚೆನ್ನಾಗಿ ಕಾಣೋ ಹಾಗೆ ತಿನ್ನು. ಮೂರನೇದ್ರಲ್ಲಿ ಕೂತ್ಕೋ. ಆಮೇಲೆ ಹಿತ್ತಲ ಕಡೆಯಿಂದ ಬಂದ್ರೆ ಪಲಾವ್ ಹಾಕಿಸ್ತೀನಿ."

ಖೋಲ್ಮತ್ ಕೋಲೆ ಬಸವನ ಹಾಗೆ ತಲೆಯಾಡಿಸಿದ. ಅವನು ಕೇಳಿಸಿಕೊಂಡದ್ದು ಪಲಾವಿನ ಮಾತನ್ನಲ್ಲ. ಮೈಕಿನಲ್ಲಿ ತನ್ನ ಹೆಸರು ಕೂಗುತ್ತಾರೆ ಎನ್ನುವುದಷ್ಟೇ ಅವನ ತಲೆಯಲ್ಲಿ ಕುಣಿಯುತ್ತಿತ್ತು.

ಆ ದಿನ ಹೊಗೆ ಹಾಕಲು ಸಾಹುಕಾರ ಕರೆಸಿದ್ದು ಒಡಿನಾಳನ್ನು. ಒಡಿನಾ ಖೋಲ್ಮತನ ತಾಯಿ. ಬಜಾರಿನಲ್ಲಿ ಅವಳ ಇಸ್ಪಂದ್ ಹೊಗೆಗೆ ಹೆಸರಿತ್ತು. ಎಲ್ದಿಯಾರನಿಗೆ ಕೆಟ್ಟ ಕಣ್ಣು ತಾಗಬಾರದೆಂದು ಅವಳು ಡಬ್ಬಿ ಹಿಡಿದು ರಿಂಗಿನ ಸುತ್ತ ಸುತ್ತಿದಳು. ತನ್ನ ಮಗನನ್ನು ಹೊಡೆಯಲು ಬರುವವನಿಗೆ ತಾನೇ ದೃಷ್ಟಿ ತೆಗೆದಳು. ಸುತ್ತಿ ಮುಗಿಸಿ, ಕೈ ಎದೆಗಿಟ್ಟು ಬಾಗಿ, ಆಚೆ ಹೋಗೆಂದರೂ ಹೋಗದೆ ಗೋಡೆಗೆ ಅಂಟಿ ನಿಂತಳು.

ಹೆಸರು ಕೂಗಿದರು. ತಪ್ಪಾಗಿ ಕೂಗಿದರು, ಆದರೂ ಕೂಗಿದರು. ಸಭಾಂಗಣದಲ್ಲಿ ನಗು ಎದ್ದಿತು. ಯಾರೋ ಬಾಟಲಿ ಎಲ್ಲಾ ಬಚ್ಚಿಟ್ಟುಕೊಳ್ಳಿ ಎಂದ. ಖೋಲ್ಮತನ ಮೂಲೆಯಲ್ಲಿ ನೀರು ಹಿಡಿದು ಕೂರಲು ಯಾರೂ ಒಪ್ಪದೆ ಕಾವಲುಗಾರನನ್ನು ಕೂರಿಸಿದ್ದರು. ಅವನು ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಾ ಕೂತಿದ್ದ. ತುರ್ಗುನ್ ಎಂದಿನಂತೆ ಎಲ್ದಿಯಾರನ ಮೂಲೆಯಲ್ಲಿ.

ಮೊದಲ ರೌಂಡ್ ದಿನಾ ನಡೆಯುವ ಹಾಗೆಯೇ ನಡೆಯಿತು. ಎಲ್ದಿಯಾರ್ ಹೊಡೆದ, ಇವನು ತಿಂದ. ಎರಡನೆಯದು ಶುರುವಾದಾಗ ಒಂದು ವ್ಯತ್ಯಾಸ ಖೋಲ್ಮತನ ಅರಿವಿಗೆ ಬಂತು. ಅಭ್ಯಾಸದಲ್ಲಿ ತುರ್ಗುನ್ ಕೂಗುತ್ತಿದ್ದಂತೆ 'ಮೆಲ್ಲಗೆ' ಎಂದು ಕೂಗುವವರು ಇಲ್ಲ. ಕೂಗುವಂತಿಲ್ಲ, ರೆಫರಿ ಇದ್ದಾನೆ, ತೀರ್ಪುಗಾರರಿದ್ದಾರೆ. ಎಲ್ದಿಯಾರ್ ಬಲಗೈ ಬೀಸಿ ಪಕ್ಕೆ ಬಿಟ್ಟುಕೊಟ್ಟ, ಮುಖವನ್ನೂ ಮುಚ್ಚಿಕೊಂಡಿರಲಿಲ್ಲ. ಖೋಲ್ಮತನ ಎಡಗೈ ಹೋಯಿತು. ಮೋಟಾರಿನ ಹೊಟ್ಟೆಯಿಂದ ತಾಮ್ರ ಬಗೆಯಲು ದಿನವೆಲ್ಲ ಸುತ್ತಿಗೆ ಎತ್ತಿ ಇಳಿಸಿದ ಕೈ. ದವಡೆಗೆ ಬಿತ್ತು. ಎಲ್ದಿಯಾರನ ಮೊಣಕಾಲು ಸಡಿಲಿದವು. ಕೈಗಳು ಕೆಳಗೆ ಬಿದ್ದವು. ಕಣ್ಣು ಎಲ್ಲೋ ಹೋಯಿತು. ಇನ್ನೊಂದೇ ಒಂದು ಏಟು ಬೇಕಾಗಿತ್ತು.

ಖೋಲ್ಮತ್ ಒಂದು ಹೆಜ್ಜೆ ಹಿಂದೆ ಸರಿದ. ಕೈ ಇಳಿಸಿದ. ಬಲಗೈ ಎದೆಗಿಟ್ಟ. ತಲೆ ಬಾಗಿಸಿ ತಪ್ಪಾಯ್ತು ಎಂದ.

ಅವನು ಬೇಕೆಂದು ಮಾಡಲಿಲ್ಲ. ಮಾಡುತ್ತಿದ್ದೇನೆ ಎಂದು ತಿಳಿಯಲೂ ಇಲ್ಲ. ಬಾಗಿದ ತಲೆ ಮೇಲೇಳುವ ಹೊತ್ತಿಗೆ ಎಲ್ದಿಯಾರನಿಗೆ ಎಚ್ಚರ ಬಂದಿತ್ತು. ಏಟು ನೇರ ಮೂಗಿಗೆ ಬಂತು. ಎಲುಬು ಮುರಿದ ಸದ್ದು ಖೋಲ್ಮತನಿಗೆ ತಲೆಯ ಒಳಗಿನಿಂದ ಕೇಳಿಸಿತು. ಬೆನ್ನ ಮೇಲೆ ಬಿದ್ದ.

ಆಗ ನಗು ಶುರುವಾಯಿತು. ಸಣ್ಣಪುಟ್ಟ ನಗುವಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡವರು, ಸಣ್ಣವರು, ಸಾಹುಕಾರನ ಬೀಗರು, ಎಲ್ಲ. ಹೊಡೆದು ಕ್ಷಮೆ ಕೇಳಿದ ಬಾಕ್ಸರನನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಿದ್ದಲ್ಲಿಂದ ಖೋಲ್ಮತನಿಗೆ ತುರ್ಗುನನ ಮುಖ ಕಂಡಿತು. ಕೋಚ್ ಅಂಗೈಯನ್ನು ಕೆಳಮುಖ ಮಾಡಿ ಒತ್ತುತ್ತಿದ್ದ. ಅಲ್ಲೇ ಇರು. ಸಾಕು. ರೆಫರಿ ಎಣಿಸುತ್ತಿದ್ದ. ಸುಮ್ಮನೆ ಮಲಗಿದ್ದರೆ ಆಗುತ್ತಿತ್ತು. ಹೇಳಿದ ಕೆಲಸ ಮುಗಿಯುತ್ತಿತ್ತು, ಪಲಾವೂ ಸಿಗುತ್ತಿತ್ತು. ಬಾಯಿಗೆ ಇಳಿಯುತ್ತಿದ್ದ ತನ್ನ ರಕ್ತವನ್ನು ಅವನು ನುಂಗಿದ. ಕೋಚಿನ ಆ ಅಂಗೈ ನೋಡಿ ಅವನಿಗೆ ಎಂಥ ಸಿಟ್ಟು ಬಂತೆಂದರೆ ನೋವು ಮರೆತುಹೋಯಿತು. ಎಂಟು ಎಂದಾಗ ಎದ್ದು ನಿಂತಿದ್ದ.

ಮೂರನೇ ರೌಂಡಿನಲ್ಲಿ ಅವನು ಕೂರಲಿಲ್ಲ. ಕಣ್ಣು ಊದಿ ಅರ್ಧ ಮುಚ್ಚಿತ್ತು. ಹೊಡೆದ ಏಟುಗಳೆಲ್ಲ ಗಾಳಿಗೆ ಹೋದವು. ತಿಂದದ್ದು ಯಾವುದೂ ಗಾಳಿಗೆ ಹೋಗಲಿಲ್ಲ. ಆದರೆ ಆ ಅರ್ಧ ಕಣ್ಣಿಗೆ ಒಂದು ಸಂಗತಿ ಕಂಡಿತು. ಎಲ್ದಿಯಾರ್ ಹತ್ತಿರ ಬರುತ್ತಿರಲಿಲ್ಲ. ದೂರದಿಂದ ಹೊಡೆದು ಓಡುತ್ತಿದ್ದ. ಇವನ ಎಡಗೈ ಇದ್ದ ಪಕ್ಕಕ್ಕೆ ಕಾಲೇ ಇಡುತ್ತಿರಲಿಲ್ಲ. ಬಾಯಿ ತೆರೆದು ಉಸಿರಾಡುತ್ತಿದ್ದ, ಮತ್ತೆ ಮತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದ. ಖೋಲ್ಮತನನ್ನು ಕಂಡು ಜನ ಹೇಸಿದ್ದರು, ನಕ್ಕಿದ್ದರು, ಉಗಿದಿದ್ದರು. ಹೆದರಿದ್ದು ಇದೇ ಮೊದಲು.

ತೀರ್ಪು ಎಲ್ದಿಯಾರನ ಕಡೆ ಹೋಯಿತು. ಅದು ಸರಿಯಾದ ತೀರ್ಪೇ. ಪಂದ್ಯ ಮುಗಿದ ಮೇಲೆ ಎದುರಾಳಿಯ ಮೂಲೆಗೆ ಹೋಗಿ ಅವನ ಕೋಚಿನ ಕೈ ಕುಲುಕಬೇಕು, ಅವರು ತಮ್ಮ ಬಾಟಲಿಯಿಂದ ಒಂದು ಗುಟುಕು ನೀರು ಕುಡಿಸಬೇಕು. ಬಾಕ್ಸರುಗಳಲ್ಲಿ ಇದು ನಡೆದುಬಂದದ್ದು. ಜಗಳ ಮುಗಿಯಿತು ಎಂದು ಅರ್ಥ. ಖೋಲ್ಮತ್ ಹೋದ. ಬಾಯಿ ರಕ್ತದಿಂದ ಅಂಟಂಟಾಗಿತ್ತು. ತುರ್ಗುನ್ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಹೇಳಿದ ಮಾತು ಕೇಳ್ಲಿಲ್ಲ ನೀನು," ಎಂದ. "ಬಡವನ ಕೋಪ ದವಡೆಗೆ ಮೂಲ. ಹೋಗು."

ತಾಯಿ ಮಗ ಕೇರಿಗೆ ನಡೆದುಕೊಂಡು ಬಂದರು. ಮನೆಗೆ ಬಂದ ಮೇಲೆ ಒಡಿನಾ ಅವನನ್ನು ನೆಲಕ್ಕೆ ಕೂರಿಸಿ, ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಎರಡೂ ಹೆಬ್ಬೆರಳಿನಿಂದ ಮೂಗನ್ನು ಎಳೆದು ನೆಟ್ಟಗೆ ಮಾಡಿದಳು. ಅವನು ಕಿರುಚಿದ. ಅವಳು ಬಟ್ಟೆ ಒದ್ದೆ ಮಾಡಿ ಒರೆಸಿದಳು. ಆಮೇಲೆ ಹೇಳಿದಳು.

"ಮೂಗು ಮುರ್ದಿದ್ದು ಅವ್ನು. ಕೆಡವಿದ್ದು ಅವ್ನಲ್ಲ ಕಣ್ಲಾ."

"ಮತ್ಯಾರವ್ವ?"

"ನಾನು. ಎದೆಗೆ ಹೋಯ್ತಲ್ಲ ಆ ಕೈ, ಅದು ನಂದು. ನೀನಿನ್ನೂ ಮೊಲೆ ಬಿಟ್ಟಿರ್ನಿಲ್ಲ. ಸೊಂಟದ ಮ್ಯಾಲೆ ಎತ್ಕೊಂಡು ಬಜಾರಿಗೆ ಹೋಯ್ತಿದ್ದೆ. ನಿನ್ ಕೈ ಹಿಡ್ದು ಎದೆ ಮ್ಯಾಲೆ ಇಡಿಸ್ತಿದ್ದೆ, ತಲೆ ಹಿಡ್ದು ಬಗ್ಗಿಸ್ತಿದ್ದೆ. ಕೂಸು ಹಂಗ್ ಮಾಡಿದ್ರೆ ಅಂಗಡಿಯೋರು ನಗೋರು. ನಕ್ಕರೆ ಏನಾರ ಕೊಡೋರು. ಆ ಕೋಚು ಚಪ್ಲೀಲಿ ಹೊಡ್ದು ಕಲಿಸ್ದ ಅಂದ್ಕಂಡಿದ್ದೀಯಾ? ನಾನು ಮುತ್ತಿಕ್ಕಿ ಕಲ್ಸಿದ್ದೆ."

ಖೋಲ್ಮತನಿಗೆ ಅಳು ಬಂತು, ಮುರಿದ ಮೂಗಿನಲ್ಲಿ ಅಳಲಿಕ್ಕೂ ಆಗಲಿಲ್ಲ. ಒಡಿನಾ ಬಟ್ಟೆಯನ್ನು ಹಿಂಡಿದಳು.

"ಬಿಡಿಸ್ಕಳೋದು ನೀನೇ ಬಿಡಿಸ್ಕೋಬೇಕು. ನನ್ ಕೈಲಿ ಆಗಾಕಿಲ್ಲ. ನಾಳೀಕೆ ನಾನು ಮತ್ತೆ ಬಜಾರಿಗೆ ಹೋಗ್ಬೇಕು."

ಪಟ್ಟಣಕ್ಕೆ ಅವನ ಸೋಲು ಹಬ್ಬದೂಟವಾಯಿತು. ಗುಜರಿ ಗಾಡಿ ಕಂಡರೆ ಸಾಕು, ಅಂಗಡಿಯವರು ಕೈ ಎದೆಗಿಟ್ಟು ಬಾಗಿ 'ತಪ್ಪಾಯ್ತು ಪೈಲ್ವಾನ್' ಎನ್ನುವರು. ತರಕಾರಿ ಮಾರುವ ಹೆಂಗಸು ಕೂಡ ಅಂದಳು. ಬೈರಮ್ ಬಿಟ್ಟಾನೆಯೇ? ಕತ್ತೆಯ ಬಾಲ ತಿರುಚುತ್ತಾ ಅವನೂ ಶುರುಮಾಡಿದ.

"ನಿನ್ ಏಟಿಗೆ ಅವ್ನು ನಿಂತ್ಕಂಡೇ ನಿದ್ದೆ ಹೋಗಿದ್ದ ಅಂತಲ್ಲೋ. ಮಲಗ್ದೋನ್ನ ಸಲಾಮ್ ಹೊಡ್ದು ಎಬ್ಬಿಸ್ತಾರೇನೋ ಬೆಪ್ಪೇ?"

ಎಲ್ಲರೂ ನಕ್ಕ ಮಾತಿಗೆ ಅವನೂ ನಕ್ಕಿದ್ದ, ಅಷ್ಟೇ. ಆದರೆ ಅದು ಖೋಲ್ಮತನ ತಲೆಯಲ್ಲಿ ಕೂತುಬಿಟ್ಟಿತು. ನಿಂತುಕೊಂಡೇ ನಿದ್ದೆ ಹೋಗಿದ್ದ. ಹೌದಲ್ಲ. ಪಟ್ಟಣವೆಲ್ಲ ಎದೆಗೆ ಹೋದ ಕೈಯನ್ನು ನೋಡಿತು, ಅದನ್ನೇ ನೆನಪಿಟ್ಟುಕೊಂಡಿತು. ಅದರ ಹಿಂದಿನ ಗಳಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಖೋಲ್ಮತ್ ನೋಡಿದ್ದ. ಸಡಿಲಿದ ಮೊಣಕಾಲು ನೋಡಿದ್ದ. ಎಲ್ದಿಯಾರನಿಗೂ ಅದು ಗೊತ್ತಿತ್ತು, ಅದಕ್ಕೇ ಮೂರನೇ ರೌಂಡಿನಲ್ಲಿ ಓಡುತ್ತಿದ್ದ.

ಸುತ್ತಿಗೆ ಎತ್ತಿ ಮೋಟಾರು ಒಡೆಯುತ್ತಾ ಅವನು ಆ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಆಡಿದ. ಜಿಮ್ಮಿನ ವರ್ಷಗಳೆಲ್ಲ ಕಲಿಸದೆ ಇದ್ದದ್ದನ್ನು ಆ ಸೋಲು ಕಲಿಸಿತ್ತು. ಎಲ್ದಿಯಾರನ ಅತಿ ದೊಡ್ಡ ಏಟನ್ನು ಅವನು ತಿಂದಾಗಿತ್ತು. ಮೂಗು ಮುರಿಯಿತು, ಆದರೂ ಎದ್ದಿದ್ದ. ಅದಕ್ಕಿಂತ ದೊಡ್ಡದು ಆ ಮುಷ್ಟಿಯಲ್ಲಿ ಇಲ್ಲ. ಹಾಗಾದರೆ ಇನ್ನು ಹೆದರುವುದು ಯಾವುದಕ್ಕೆ? ತನ್ನ ಹಿಮ್ಮಡಿಗೆ. ತಾನಾಗಿಯೇ ಹಿಂದೆ ಹೋಗುವ ಆ ಒಂದು ಹೆಜ್ಜೆಗೆ.

ಕೇರಿಯ ಹಿಂದಿನ ಬಯಲಿನಲ್ಲಿ ನಾವು ವೈರು ಸುಡುತ್ತೇವೆ. ಮೇಲಿನ ರಬ್ಬರು ಉರಿದುಹೋದರೆ ಒಳಗಿನ ತಾಮ್ರ ಸಿಗುತ್ತದೆ. ಹೊಗೆ ಕುಡಿದು ನಮ್ಮ ಎದೆಗಳೆಲ್ಲ ಕಪ್ಪು. ಅಲ್ಲಿನ ಹಿಪ್ಪುನೇರಳೆ ಮರಕ್ಕೆ ಖೋಲ್ಮತ್ ಒಂದು ಲಾರಿ ಟೈರು ಕಟ್ಟಿದ. ಟೈರಿನ ಎದುರು ನಿಂತ. ತನ್ನ ಬೆನ್ನ ಹಿಂದೆ, ಒಂದು ಹೆಜ್ಜೆಯ ದೂರದಲ್ಲಿ, ವೈರಿನ ಬೆಂಕಿ ಹಾಕಿಸಿದ. ಬರಿಗಾಲು. ಎಡಗೈ ಬೀಸಿದ. ಟೈರು ಅದುರಿತು. ಹಿಮ್ಮಡಿ ಹಿಂದೆ ಹೋಯಿತು, ಸುಟ್ಟಿತು. ಬೈರಮ್ ನಿನಗೆ ಹುಚ್ಚು ಹಿಡಿದಿದೆ ಎಂದ. ಮತ್ತೆ ಬೀಸಿದ. ಮತ್ತೆ ಸುಟ್ಟಿತು. ಮೊದಲ ದಿನಗಳಲ್ಲಿ ಕಾಲು ಬೊಬ್ಬೆ ಎದ್ದು ಗಾಡಿಯ ಮೇಲೆ ಕೂತು ಮನೆಗೆ ಬರಬೇಕಾಯಿತು. ಬೈರಮನಿಗೆ ಆಮೇಲೆ ತಮಾಷೆ ಬಿಟ್ಟುಹೋಗಿ, ತಾನೇ ಬೆಂಕಿ ಕೆದಕುತ್ತಾ 'ಮುಂದಕ್ಕೆ, ಮುಂದಕ್ಕೆ' ಎಂದು ಗದರತೊಡಗಿದ. ಮೈ ಕಲಿತದ್ದನ್ನು ಮೈಯೇ ಮರೆಯಬೇಕು. ಅದು ನಿಧಾನದ ಕೆಲಸ. ಹಿಪ್ಪುನೇರಳೆ ಹಣ್ಣು ಉದುರುವ ಹೊತ್ತಿಗೆ ಏಟಿನ ಹಿಂದೆಯೇ ಕಾಲು ಮುಂದೆ ಹೋಗತೊಡಗಿತು. ಹೊಡಿ, ಮುಂದೆ ಹೋಗು. ಹೊಡಿ, ಇನ್ನೂ ಮುಂದೆ.

ಆ ದಿನಗಳಲ್ಲೇ ತುರ್ಗುನನ ಕಾರು ಕೇರಿಯ ಬಾಯಲ್ಲಿ ಬಂದು ನಿಂತು ಹಾರನ್ ಹೊಡೆಯಿತು. ಅವನು ಕೆಳಗಿಳಿಯಲಿಲ್ಲ. ಗಾಜನ್ನು ಬೆರಳಗಲ ಇಳಿಸಿದ. ಎಲ್ದಿಯಾರ್ ಬಿಷ್ಕೆಕ್‌ಗೆ ಹೊರಟಿದ್ದ, ಅಲ್ಲಿ ಅವನಿಗೆ ಎಡಗೈಯವನೊಬ್ಬ ಎದುರಾಗಲಿದ್ದ. ಮೂಟೆ ಬೇಕಾಗಿತ್ತು. ಆದದ್ದು ಆಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ನಾಳೆಯಿಂದ ಬಾ ಎಂದು ಕೋಚ್ ದೊಡ್ಡ ಮನಸ್ಸು ಮಾಡಿದ. ಖೋಲ್ಮತನಿಗೆ ಒಳಗೆ ಉರಿಯಿತು. ಕ್ಷಮಿಸುವವನು ಅವನಂತೆ.

"ಬರ್ತೀನಿ," ಎಂದ. "ಗಂಟೆ ಹೊಡೀಬೇಕು. ಮೂರು ರೌಂಡು, ಪಂದ್ಯದ ಹಂಗೆ."

ಮೂಟೆಗೆ ಗಂಟೆ ಹೊಡೆಯುವ ಪದ್ಧತಿ ಇರಲಿಲ್ಲ. ಎಲ್ದಿಯಾರನಿಗೆ ದಣಿವಾದಾಗ ಅಭ್ಯಾಸ ಮುಗಿಯುತ್ತಿತ್ತು, ಮೂಟೆ ದಣಿದರೆ ಮುಗಿಯುತ್ತಿರಲಿಲ್ಲ. ತುರ್ಗುನ್ ನಕ್ಕ. ಲ್ಯೂಲಿಗೂ ಗಂಟೆ ಬೇಕಂತೆ, ಆಗಲಿ ಎಂದ.

ಮರುದಿನ ಜಿಮ್ಮು ತುಂಬಿತ್ತು. ಬಾಕ್ಸರುಗಳು, ಸಾಹುಕಾರನ ಕಡೆಯ ನಾಲ್ಕಾರು ಜನ. ತಪ್ಪಾಯ್ತು ಪೈಲ್ವಾನ್ ಬಂದ ಎಂದು ಒಬ್ಬ ಕೈ ಎದೆಗಿಟ್ಟ. ಖೋಲ್ಮತ್ ಅವನ ಮುಖವನ್ನೇ ನೋಡಿದ. ನೋಡುತ್ತಾ ನಿಂತ. ಆ ಕೈ ತಾನಾಗಿ ಇಳಿಯಿತು. ರೈಲುಹಳಿಯ ತುಂಡನ್ನು ಸರಪಳಿಗೆ ಕಟ್ಟಿ ನೇತುಹಾಕಿದ್ದರು, ಅದೇ ಗಂಟೆ. ತುರ್ಗುನ್ ಕಬ್ಬಿಣದ ಸಲಾಕೆಯಿಂದ ಹೊಡೆದ.

ಎಲ್ದಿಯಾರ್ ಮೂಗಿಗೇ ಗುರಿಯಿಟ್ಟ. ಕೂಡಿಕೊಂಡ ಎಲುಬು ಮತ್ತೆ ಸಿಡಿಯಲೆಂದು ಅದೇ ಜಾಗಕ್ಕೆ ಹೊಡೆದ. ರಕ್ತ ಬಂತು. ಕೂತಿದ್ದವರು ನಕ್ಕರು. ಖೋಲ್ಮತ್ ಅವಸರ ಮಾಡಲಿಲ್ಲ. ಏಟುಗಳು ಹಳೆಯವೇ. ಯಾವುದು ಎಲ್ಲಿಂದ ಬರುತ್ತದೆ, ಎಷ್ಟು ನೋಯಿಸುತ್ತದೆ, ಎಲ್ಲ ಗೊತ್ತಿತ್ತು. ಗೊತ್ತಿದ್ದ ನೋವಿಗೆ ಹೆದರಿಸುವ ಶಕ್ತಿ ಇರುವುದಿಲ್ಲ. ಮೊದಲ ರೌಂಡ್ ಮುಗಿಯುವಾಗ ಎಲ್ದಿಯಾರನ ಬಾಯಿ ತೆರೆದಿತ್ತು. ಆ ತೆರೆದ ಬಾಯಿ ನೋಡಿ ಖೋಲ್ಮತನಿಗೆ ನೆಮ್ಮದಿಯಾಯಿತು.

ಎರಡನೇ ರೌಂಡಿನಲ್ಲಿ ಎಲ್ದಿಯಾರ್ ಅದೇ ಬಲಗೈ ಬೀಸಿದ. ಎಡಗೈ ಅದೇ ದಾರಿಯಲ್ಲಿ ಹೋಯಿತು. ದವಡೆ. ಮೊಣಕಾಲು ಸಡಿಲಿದವು. ಕೈಗಳು ಬಿದ್ದವು. ಖೋಲ್ಮತನ ಹಿಮ್ಮಡಿ ಹಿಂದಕ್ಕೆ ಹೋಗಲು ಎದ್ದಿತು. ಅದು ಎದ್ದದ್ದು ಅವನಿಗೆ ತಿಳಿಯಿತು. ಈ ಸಲ ತಿಳಿಯಿತು. ಹಿಮ್ಮಡಿಯ ಸುಟ್ಟ ಚರ್ಮ ಉರಿಯಿತು. ಕಾಲು ಮುಂದೆ ಬಂತು. ಪಕ್ಕೆಗೆ ಬಲಗೈ. ಮತ್ತೆ ಎಡಗೈ. ಎಲ್ದಿಯಾರ್ ಮಂಡಿಯೂರಿ ಕುಸಿದ, ಎರಡೂ ಗ್ಲೌಸನ್ನು ನೆಲಕ್ಕೆ ಊರಿದ.

ಯಾರೂ ನಗಲಿಲ್ಲ. ಎಲ್ಲರೂ ಆ ಒಂದು ಹೆಜ್ಜೆಗೆ ಕಾದರು. ಖೋಲ್ಮತ್ ಕೈ ಎತ್ತಿಕೊಂಡೇ ಅಲ್ಲೇ ನಿಂತಿದ್ದ.

ತುರ್ಗುನ್ ಹಗ್ಗದ ಹತ್ತಿರ ಬಂದ. ಮುಖ ಕಪ್ಪಿಟ್ಟಿತ್ತು. ಹಿಂದೆ ಸರಿ ಎಂದ. ಖೋಲ್ಮತ್ ಸರಿಯಲಿಲ್ಲ.

"ಕೈ ಎದೆಗಿಡೋ. ತಪ್ಪಾಯ್ತು ಅನ್ನು."

"ಏನು ತಪ್ಪು?" ಎಂದ ಖೋಲ್ಮತ್.

ಆ ಪ್ರಶ್ನೆಯನ್ನು ಜಿಮ್ಮಿನಲ್ಲಿ ಹಿಂದೆ ಯಾರೂ ಕೇಳಿರಲಿಲ್ಲ. ತುರ್ಗುನ್ ಕೂಗಾಡಿದ. ಉಂಡ ಮನೆಗೆ ಎರಡು ಬಗೆದವನು ಎಂದ. ಈ ಬಾಗಿಲು ಇನ್ನು ನಿನಗೆ ಮುಚ್ಚಿತು ಎಂದ. ನಿಮ್ಮ ಕೇರಿಯ ನಾಯಿ ಕೂಡ ಇಲ್ಲಿ ಬಾಟಲಿ ಎತ್ತಲು ಬರಬಾರದು ಎಂದ.

"ಅವತ್ತು ಊರೆಲ್ಲ ನೋಡೋ ಹಂಗೆ ತಪ್ಪಾಯ್ತು ಅಂದೆ," ಎಂದ ಖೋಲ್ಮತ್. ಅವನ ದನಿ ಏರಲಿಲ್ಲ. "ನಾನು ಹೊಡ್ದಿದ್ದಕ್ಕೆ ನಾನೇ ಅಂದೆ. ನೀವು ಇಷ್ಟು ವರ್ಷ ಹೊಡ್ದಿದ್ದಕ್ಕೆ ಒಬ್ರೂ ಅಂದಿಲ್ಲ. ಅದೇ ಕಡೆ. ಇನ್ನು ಈ ಬಾಯಿಂದ ಬರಾಕಿಲ್ಲ. ಬಾಗ್ಲು ಮುಚ್ಕೊಳ್ಳಿ. ನಂಗೆ ಹೊಡಿಯಾಕೆ ಬರ್ತದೆ ಅಂತ ನಂಗೆ ಗೊತ್ತಾಗೈತೆ. ಬಾಗ್ಲು ಬ್ಯಾರೆ ಕಡೆನೂ ಇರ್ತವೆ."

ತುರ್ಗುನ್ ಸಲಾಕೆ ಎತ್ತಿಕೊಂಡು ಹಳಿಯ ತುಂಡಿನ ಕಡೆ ಹೊರಟ. ಹೊತ್ತಿಗೆ ಮುಂಚೆ ಗಂಟೆ ಹೊಡೆದು ಮುಗಿಸಿಬಿಡುವ ಎಂದು. ಖೋಲ್ಮತ್ ಅವನತ್ತ ನೋಡಲೂ ಇಲ್ಲ. ಮಂಡಿಯೂರಿದ್ದವನನ್ನು ನೋಡಿದ.

"ಏಳು," ಎಂದ. "ಗಂಟೆ ಇನ್ನೂ ಹೊಡ್ದಿಲ್ಲ."

ಎಲ್ದಿಯಾರ್ ತಲೆ ಎತ್ತಿದ. ತುಟಿಯ ರಕ್ತ ಉಗುಳಿದ. ಸಲಾಕೆ ಹಿಡಿದು ಹೊರಟಿದ್ದ ಕೋಚನ್ನು ನೋಡಿದ, ಎದುರು ನಿಂತವನನ್ನು ನೋಡಿದ. ಅವನ ಮುಖ ಅವಮಾನದಿಂದ ಕೆಂಪಾಗಿತ್ತು.

"ಗಂಟೆ ಹೊಡೀಬೇಡಿ ಅಣ್ಣ," ಎಂದ ಕೋಚಿಗೆ.

ಹಗ್ಗ ಹಿಡಿದು ಎದ್ದ. ಎದ್ದವನು ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ. ಮೂಟೆಯ ಎದುರು ಯಾರೂ ಹಾಗೆ ನಿಲ್ಲುವುದಿಲ್ಲ. ಬಾಕ್ಸರನ ಎದುರು ನಿಲ್ಲುತ್ತಾರೆ.

ಖೋಲ್ಮತ್ ಮುಂದೆ ಹೆಜ್ಜೆ ಇಟ್ಟ.